ಕೆಂಚನಿಗೆ ನಲವತ್ಮೂರು ಅಂಕ

ಮೇ 4, ಭಾನುವಾರ

ಈ ಡೈರಿ ಜಂತುನಾಶಕ ಔಷಧದ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಪ್ರತಿ ಪುಟದ ಅಡಿಯಲ್ಲಿ ಒಂದು ಕುರಿ ನಗುತ್ತ ನಿಂತಿದೆ. ಇಪ್ಪತ್ತಾರು ವರ್ಷದಿಂದ ಪಶು ಆಸ್ಪತ್ರೆಯಲ್ಲಿ ಪರೀಕ್ಷಕನಾಗಿದ್ದೇನೆ, ತಿಕೋಟಾ ಸುತ್ತಿನ ಹದಿನಾಲ್ಕು ಹಳ್ಳಿಯ ಜನ ನನ್ನನ್ನು ದನದ ಡಾಕ್ಟರ್ ಸಿದ್ದರಾಯ ಅನ್ನುತ್ತಾರೆ, ಆದರೂ ನಗುವ ಕುರಿಯನ್ನು ಒಮ್ಮೆಯೂ ಕಂಡಿಲ್ಲ. ನಾಲ್ಕು ತಿಂಗಳು ಖಾಲಿ ಬಿದ್ದಿದ್ದ ಡೈರಿಗೆ ಇವತ್ತು ಕೆಲಸ ಕೊಟ್ಟೆ. ಕರೆಂಟಿನ ಸೈಕಲ್ಲುಗಳನ್ನು ಪರೀಕ್ಷಿಸಿ, ಅಂಕ ಹಾಕಿ, ಒಂದನ್ನು ಆರಿಸುವುದು.

ಕಾರಣವನ್ನೂ ಬರೆದಿಡುತ್ತೇನೆ, ಮುಂದೆ ನಾನೇ ಮರೆತು ಬೇರೇನೋ ಹೇಳಬಾರದು. ಫೆಬ್ರುವರಿ ಹದಿನೆಂಟರಂದು ಕಳ್ಳಕವಟಗಿಗೆ ಹೋಗುವಾಗ ಹಳ್ಳದ ತಿರುವಿನಲ್ಲಿ ಮರಳ ಮೇಲೆ ಮೋಟಾರ್ ಸೈಕಲ್ ಜಾರಿತು. ಎಡಭುಜದ ಎಲುಬು ಮುರಿದು ಒಳಗೆ ಉಕ್ಕಿನ ಪಟ್ಟಿ ಹಾಕಿದರು. ಏಪ್ರಿಲ್ ಮೊದಲ ವಾರದಲ್ಲೇ ಎಲುಬಿನ ಡಾಕ್ಟರು, ಗಾಡಿ ಹೊಡೆಯಬಹುದು ಎಂದರು. ಗಾಡಿ ದನದ ಕೊಟ್ಟಿಗೆಯಲ್ಲಿ ತಾಡಪಾಲಿನ ಕೆಳಗಿದೆ. ಅದರ ಕೀಲಿ ಎಲ್ಲಿಟ್ಟಿದ್ದೇನೋ ನೆನಪಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ನೆನಪಿದೆ. ದೇವರ ಜಗಲಿಯ ಮೇಲೆ, ಕುಂಕುಮದ ಭರಣಿಯ ಹಿಂದೆ.

ಅಂಜಿಕೆ ಅಲ್ಲ. ಪೆಟ್ರೋಲು ತುಟ್ಟಿ.

ಬಸ್ಸಿನಲ್ಲಿ ಹೋದರೆ ದಿನಕ್ಕೆ ಎರಡು ಹಳ್ಳಿ ಮುಟ್ಟುವುದೂ ಕಷ್ಟ. ಆದ್ದರಿಂದ ವಿಜಯಪುರದ ಕಚೇರಿಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಹೋಗಲು ಅರ್ಜಿ ತಂದಿದ್ದೇನೆ. ಡೈರಿಯ ಹಿಂದಿನ ಜೇಬಿನಲ್ಲಿದೆ. ಜೂನ್ ಹತ್ತು ಕೊನೆಯ ದಿನ. ಕೊಟ್ಟರೆ ಕುರ್ಚಿ, ಫ್ಯಾನು, ಫೈಲು. ಕೊಡದಿದ್ದರೆ ಹದಿನಾಲ್ಕು ಹಳ್ಳಿಗೂ ನಾನೇ ಹೋಗಬೇಕು, ಹೇಗೆ ಹೋಗುತ್ತೇನೆಂದು ಯಾರೂ ಕೇಳುವುದಿಲ್ಲ. ಕುರಿಯ ಮೈ ಮುಟ್ಟದೆ ಸಂಜೆಯಾಗುವ ದಿನ ಹೇಗಿರುತ್ತದೆಂದು ಯೋಚಿಸಿದರೆ ಊಟ ಸೇರುವುದಿಲ್ಲ. ಅದೂ ನಿಜ.

ಮಧ್ಯಾಹ್ನ ಆರತಿ ಹೊಲಿಗೆ ಯಂತ್ರದ ಮುಂದಿನಿಂದ ತಲೆ ಎತ್ತದೆ ಹೇಳಿದಳು: "ರೀ, ಎಲುಬು ಕೂಡೇತಿ. ಕೂಡಬೇಕಾದದ್ದು ಬ್ಯಾರೆ ಐತಿ. ಗಾಡಿ ಬ್ಯಾಡಂದ್ರ ಕರೆಂಟಿನ ಸೈಕಲ್ಲರ ನೋಡ್ರಿ. ಸಾವಕಾಶ ಹೋಗ್ತೈತಿ, ಕಾಲ ನೆಲಕ್ಕ ಮುಟ್ತಾವ."

ಹೆಂಡತಿ ಸರಿಯಾಗಿ ಹೇಳಿದಾಗ ಒಪ್ಪಿಕೊಳ್ಳಲು ನನಗೆ ಒಂದು ದಿನ ಬೇಕು. ಇವತ್ತು ಅರ್ಧ ದಿನದಲ್ಲಿ ಒಪ್ಪಿದೆ.

ಮೇ 7, ಬುಧವಾರ

ವಿಜಯಪುರದ ಸ್ಟೇಶನ್ ರಸ್ತೆಯಲ್ಲಿ ಸೊಹೇಲ ಎಂಬವನ ಅಂಗಡಿ. ಮೂವತ್ತರ ಹುಡುಗ, ಮಾತು ಸಕ್ಕರೆ. ಕೈಗೆಟಕುವ ಬೆಲೆಯವು ಮೂರು ಇವೆ ಎಂದು ಸಾಲಾಗಿ ನಿಲ್ಲಿಸಿದ. ಮೊದಲನೆಯದು ಮಡಚುವಂಥದು, ಸಣ್ಣ ಗಾಲಿ, ಬಿಳಿ. ಎರಡನೆಯದು ಕಪ್ಪು, ದಪ್ಪ ಟೈರು. ಮೂರನೆಯದು ಕೆಂಪು, ಮುಂದೆ ಬುಟ್ಟಿ, ಹಿಂದೆ ಗಟ್ಟಿ ಕ್ಯಾರಿಯರ್. ಕುಳ್ಳ, ಕರಿಯ, ಕೆಂಚ ಎಂದು ನಾನೇ ಹೆಸರಿಟ್ಟೆ. ಕಂಪನಿ ಇಟ್ಟ ಹೆಸರುಗಳು ನನ್ನ ನಾಲಿಗೆಗೆ ಹೊರಳಲಿಲ್ಲ.

"ಲೈಸೆನ್ಸ್ ಬ್ಯಾಡ, ನಂಬರ್ ಬ್ಯಾಡ ಸರ್," ಎಂದ ಸೊಹೇಲ. "ಇಪ್ಪತ್ತೈದರ ಮ್ಯಾಲ ಸ್ಪೀಡ್ ಹೋಗಂಗಿಲ್ಲ. ನಾಕ ತಾಸು ಚಾರ್ಜ್ ಹಾಕಿದ್ರ ಐವತ್ತ ಕಿಲೋಮೀಟರ್. ಒಂದ ರೌಂಡ ಹೊಡದ ಬರ್ರಿ."

"ಬ್ಯಾಡ," ಎಂದೆ. ಆ ಹ್ಯಾಂಡಲ್ ಹಿಡಿದ ಕೂಡಲೇ ಅಂಗೈ ಬೆವತಿತು. ಅಂಗಡಿಯಲ್ಲಿ ಫ್ಯಾನು ಇರಲಿಲ್ಲ.

ಟಗರಿನ ಬೆನ್ನು ನೋಡುವಂತೆ ಸೀಟಿನ ಮೇಲೆ ಅಂಗೈ ಊರಿ ನೋಡಿದೆ. ಗಾಲಿ ಎತ್ತಿ ತಿರುಗಿಸಿದೆ. ಸರಪಳಿ ಎಳೆದೆ. ಸೊಹೇಲ ನಗು ತಡೆದುಕೊಂಡು ನಿಂತಿದ್ದ. ಅಷ್ಟರಲ್ಲಿ ಅಂಗಡಿಯ ಹಿಂದಿನಿಂದ ನರಳುವ ಸದ್ದು ಕೇಳಿಸಿತು. ಬಕ್ರೀದಿಗೆಂದು ತಂದ ಹೋತ, ಯಾರೂ ಇಲ್ಲದಾಗ ಜೋಳದ ಚೀಲಕ್ಕೆ ಬಾಯಿ ಹಾಕಿದೆ. ಎಡಹೊಟ್ಟೆ ತಟ್ಟಿದರೆ ಡೊಳ್ಳಿನ ಸದ್ದು. ಶೇಂಗಾದ ಒಳ್ಳೆಣ್ಣೆಯಲ್ಲಿ ಅಡಿಗೆ ಸೋಡಾ ಕಲಸಿ ಕುಡಿಸಿ, ಮುಂಗಾಲು ಎತ್ತರದಲ್ಲಿ ನಿಲ್ಲಿಸಿ, ಮುಕ್ಕಾಲು ತಾಸು ಹೊಟ್ಟೆ ತಿಕ್ಕಿದೆ. ಕೊನೆಗೆ ಹೋತ ಒಂದು ತೇಗು ಕೊಟ್ಟಿತು, ಸ್ಟೇಶನ್ ರಸ್ತೆಗೆಲ್ಲ ಕೇಳುವಂಥದು. ಸೊಹೇಲನ ಕಣ್ಣಲ್ಲಿ ನೀರು.

"ಏನ ಬೇಕ ಕೇಳ್ರಿ ಸರ್," ಎಂದ.

ನಮ್ಮ ಹಿರಿಯರು ಟಗರು ಕೊಳ್ಳುವ ಮೊದಲು ಅದನ್ನು ತಂದು ತಮ್ಮ ಕುರಿದಡ್ಡಿಯಲ್ಲಿ ಕಟ್ಟುತ್ತಿದ್ದರು. ಮೇಯುತ್ತದೆಯೇ, ಕೆಮ್ಮುತ್ತದೆಯೇ, ಮನೆಯ ಕುರಿಗಳ ಜೊತೆ ಹೊಂದುತ್ತದೆಯೇ ನೋಡಿ ಆಮೇಲೆ ಮಾತು. ಸಂತೆಯಲ್ಲಿ ಎಲ್ಲ ಟಗರೂ ಎದೆ ಉಬ್ಬಿಸಿಯೇ ನಿಂತಿರುತ್ತವೆ. ಅದನ್ನೇ ಕೇಳಿದೆ. ಒಂದೊಂದನ್ನೂ ಕೆಲವು ದಿನ ನಮ್ಮ ಮನೆಯಲ್ಲಿ ಕಟ್ಟಿ ನೋಡುತ್ತೇನೆ ಎಂದೆ. ಬೇರೆ ದಿನ ಆಗಿದ್ದರೆ ಆಗುವುದಿಲ್ಲ ಎನ್ನುತ್ತಿದ್ದನೇನೋ. ಹೋತ ಎದ್ದು ಮೇವು ಮೂಸುತ್ತಿತ್ತು. ಒಪ್ಪಿದ.

ಮೇ 9, ಶುಕ್ರವಾರ

ತಿಕೋಟಾಕ್ಕೆ ಮರಳುವ ಟೆಂಪೊದಲ್ಲಿ ಕುಳ್ಳ ಬಂದ. ಅವ್ವ ಕಟ್ಟೆಯಿಂದ ಇಳಿದು ಬಂದು ಸುತ್ತು ಹಾಕಿದಳು. ಅವ್ವನಿಗೆ ಎಪ್ಪತ್ತೈದು. ಹೆಸರು ಬೋರವ್ವ. ನನ್ನ ಅಪ್ಪನಿಗಿಂತ ಹೆಚ್ಚು ಕುರಿ ಕಾಯ್ದವಳು.

"ಇದನ್ನ ಮಡಚಿ ಎಲ್ಲಿ ಇಡ್ತೀ?"

"ಮಂಚದ ಕೆಳಗ ಇಡಬಹುದವ್ವ."

"ಮಂಚದ ಕೆಳಗ ಇಡು ವಸ್ತು ರಸ್ತೇಕ ಯಾಕ ಬೇಕೋ ಯಪ್ಪಾ," ಎಂದು ಒಳಗೆ ಹೋದಳು. ಅವಳ ಅಂಕ ಮುಗಿಯಿತು.

ನಾನು ನಿಯಮ ಮಾಡಿದ್ದೇನೆ. ನಡೆ, ಹೊಟ್ಟೆ, ಕಾಲು, ಬೆನ್ನು, ಗುಣ. ಒಂದೊಂದಕ್ಕೆ ಹತ್ತು ಅಂಕ, ಒಟ್ಟು ಐವತ್ತು. ಹೊಟ್ಟೆ ಎಂದರೆ ಬ್ಯಾಟರಿ, ಕಾಲು ಎಂದರೆ ಗಾಲಿ ಮತ್ತು ಬ್ರೇಕು, ಬೆನ್ನು ಎಂದರೆ ಹೊರುವ ಶಕ್ತಿ. ಪರೀಕ್ಷಕ ನಾನು. ಏರುವವಳು ಆರತಿ. ನಿಷ್ಪಕ್ಷಪಾತವಾಗಿ ಪರೀಕ್ಷಿಸಬೇಕಾದವನು ಮೇಲೆ ಕುಳಿತಿರಬಾರದು. ಟಗರಿನ ಮೇಲೆ ಕುಳಿತು ಯಾರೂ ಟಗರು ನೋಡುವುದಿಲ್ಲ.

ಇದನ್ನು ಆರತಿಗೆ ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಏರಿ ಹೋಗಿಯೇ ಬಿಟ್ಟಳು. ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದಳಂತೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ನನಗೆ ಗೊತ್ತೇ ಇರಲಿಲ್ಲ.

ಮೇ 11, ಭಾನುವಾರ

ಕುಳ್ಳ ಊರೊಳಗೆ ಚುರುಕು. ಬಸ್ ನಿಲ್ದಾಣದ ಗದ್ದಲದಲ್ಲಿ ಮೀನಿನಂತೆ ನುಸುಳುತ್ತಾನೆ. ಆದರೆ ಸಣ್ಣ ಗಾಲಿ, ತಗ್ಗು ಬಂದರೆ ಬೆನ್ನೆಲುಬಿಗೆ ಲೆಕ್ಕ ಒಪ್ಪಿಸುತ್ತಾನೆ. ಆರತಿ ದ್ರಾಕ್ಷಿ ತೋಟದ ದಾರಿಗೆ ಇಳಿಸಿ ಬಂದು, "ಇವ ಪ್ಯಾಟ್ಯಾಗಿನ ಅಳಿಯ. ಮಣ್ಣಿಗೆ ಬರಂಗಿಲ್ಲ," ಎಂದಳು. ಹೊಲಿದ ಕುಪ್ಪಸಗಳ ಗಂಟು ಇಡಲೂ ಜಾಗವಿಲ್ಲ.

ಅಂಕ ಬರೆಯಲು ಗೀಟು ಹಾಕಿದ ದೊಡ್ಡ ಹಾಳೆ ಬೇಕಾಗಿತ್ತು. ಡೈರಿಯ ಹಿಂದಿನ ಜೇಬಿನಲ್ಲಿ ಹಿಂಬದಿ ಖಾಲಿ ಇದ್ದ ಒಂದು ಕಾಗದ ಸಿಕ್ಕಿತು, ಅದರ ಮೇಲೆ ಮೂರು ಸಾಲಿನ ಮನೆ ಹಾಕಿದೆ. ಕುಳ್ಳನಿಗೆ ಇಪ್ಪತ್ತನಾಲ್ಕು.

ಮೇ 15, ಗುರುವಾರ

ಬಸ್ಸು ತಪ್ಪಿತು. ಹೊನವಾಡಕ್ಕೆ ಮುಟ್ಟುವಷ್ಟರಲ್ಲಿ ಹನ್ನೆರಡು. ಬೆಳಿಗ್ಗೆಯಿಂದ ಕಾದಿದ್ದ ಎಮ್ಮೆ, ಕಾದಿದ್ದ ಮನುಷ್ಯ, ಇಬ್ಬರ ಮುಖವೂ ಒಂದೇ ತರ. ಕಳ್ಳಕವಟಗಿಯ ಕುರಿಗಾರ ಕರೆಪ್ಪನ ಫೋನು: "ಸಾಹೇಬ್ರ, ಮಳಿ ಬರೂದರಾಗ ಕರುಳುಬ್ಯಾನಿ ಸೂಜಿ ಹಾಕಸ್ಬೇಕ್ರಿ. ನೀವ ಬರ್ತೀರೋ, ನಾನ ಕುರಿ ಹೊಡ್ಕೊಂಡ ನಿಮ್ಮ ಮನೀಗೆ ಬರ್ಲೋ?" ಬರುತ್ತೇನೆ ಎಂದೆ. ಯಾವಾಗ ಎಂದು ಹೇಳಲಿಲ್ಲ.

ಮೇ 18, ಭಾನುವಾರ

ಕರಿಯ ಬಂದು ಮೂರು ದಿನವಾಯಿತು. ನೋಡಲು ಜಗಜಟ್ಟಿ. ಟೈರು ನನ್ನ ತೊಡೆಯಷ್ಟು. ಇವತ್ತು ಆರತಿ ಅವನ ಮೇಲೆ ಬಬಲೇಶ್ವರದ ತವರಿಗೆ ಹೊರಟಳು. ದೂರದ ಪರೀಕ್ಷೆಯೂ ಆಗುತ್ತದೆ, ಅಕ್ಕನನ್ನು ನೋಡಿದಂತೆಯೂ ಆಗುತ್ತದೆ ಎಂದಳು. ಅವಳ ಹಿಂದೆ ಕುಳಿತು ಬರಲೇ ಎಂದು ಕೇಳಲಿಲ್ಲ, ಅವಳೂ ಕರೆಯಲಿಲ್ಲ. ನಾನು ಬಸ್ಸಿನಲ್ಲಿ ಹೋಗುವುದೆಂದು ಠರಾವಾಯಿತು. ನೇರ ಬಸ್ಸು ಕಣ್ಣೆದುರೇ ಹೋಯಿತು, ವಿಜಯಪುರ ಸುತ್ತಿಕೊಂಡು ಹೋದೆ. ನಾನು ಮುಟ್ಟುವಷ್ಟರಲ್ಲಿ ಅಕ್ಕ ತಂಗಿ ಚಹಾ ಕುಡಿದು, ಚೂಡಾ ತಿಂದು, ನನ್ನನ್ನು ಆಡಿಕೊಂಡು ಮುಗಿಸಿದ್ದರು.

"ಬರ್ರಿ ಸಾಹೇಬ್ರ," ಎಂದಳು ಅವಳಕ್ಕ ನಂದಾ. "ಹೆಂಡ್ತಿ ಸೈಕಲ್ ಮ್ಯಾಗ, ಗಂಡ ಬಸ್ಸಿನ್ಯಾಗ. ಕಾಲ ಸುಧಾರಿಸೇತಿ ನೋಡ್ರಿ."

ನಾನು ಪರೀಕ್ಷಕ ಎಂದೆ. ಇಬ್ಬರೂ ಮತ್ತೆ ನಕ್ಕರು.

ಮರಳುವಾಗ ಕರಿಯನ ಬಂಡವಾಳ ಬಯಲಾಯಿತು. ಅರವತ್ತು ಹೋಗುತ್ತಾನೆಂದು ಚೀಟಿ ಅಂಟಿಸಿಕೊಂಡವನು ಮೂವತ್ತೊಂದಕ್ಕೆ ಕಾಲು ಚೆಲ್ಲಿದ. ತುಳಿದು ತರೋಣವೆಂದರೆ ಆ ಭಾರಕ್ಕೆ ಕಲ್ಲು ತುಳಿದಂತೆ. ಆರತಿ ಏಳು ಕಿಲೋಮೀಟರ್ ತಳ್ಳಿಕೊಂಡು ಬಂದಳು. ನನ್ನ ಬಸ್ಸು ಅವಳನ್ನು ದಾಟಿ ಹೋಯಿತು. ಇಳಿಸಿರಿ ಎಂದು ಕೂಗಿದೆ, ಕಂಡಕ್ಟರ್ ಮುಂದಿನ ನಿಲ್ದಾಣದಲ್ಲಿ ಇಳಿಸಿದ. ಹಿಂದಕ್ಕೆ ನಡೆದು ಹೋಗಿ ಜೊತೆಗೆ ತಳ್ಳಿದೆ.

ಕತ್ತಲಾಗುವ ಮುಂಚೆ ಒಂದು ಕಡೆ ಕುಳಿತೆವು. ಆರತಿ ಅಂಗೈ ನೋಡಿಕೊಳ್ಳುತ್ತ ಹೇಳಿದಳು: "ರೀ, ನಾ ಎಷ್ಟ ದಿನ ನಿಮ್ಮ ಸಲುವಾಗಿ ತುಳೀಲಿ?" ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ.

ಕರಿಯನಿಗೆ ಇಪ್ಪತ್ತೇಳು. ಅದರಲ್ಲಿ ಒಂಬತ್ತು ಬೆನ್ನಿಗೆ.

ಮೇ 22, ಗುರುವಾರ

ಇವತ್ತು ಕೆಂಚ ಬಂದ, ಇವತ್ತೇ ಸತ್ತ.

ನಾನು ಆಸ್ಪತ್ರೆಯಲ್ಲಿದ್ದೆ. ಆರತಿ ಕುಪ್ಪಸ ಕೊಡಲು ಹೋಗಿದ್ದಳು. ಅವ್ವ ಒಬ್ಬಳೇ ಮನೆಯಲ್ಲಿ. ಕುಳ್ಳನೂ ಕರಿಯನೂ ಅವಳ ಮನಸ್ಸಿಗೆ ಬಂದಿರಲಿಲ್ಲ. ಕೆಂಚನ ಬಣ್ಣ ಅವಳಿಗೆ ಹಿಡಿಸಿಬಿಟ್ಟಿತು. ಅವಳು ಮದುವೆಯಾಗಿ ಬಂದಾಗ ತವರಿನಿಂದ ತಂದ ಟಗರೂ ಇದೇ ಕೆಂಪು ಇತ್ತಂತೆ. ಅಂಗಳಕ್ಕೆ ಎಳೆದು, ಒಂದು ಕೊಡ ನೀರು ಹುಯ್ದು, ನಿಂಬೆಹಣ್ಣು ಇಟ್ಟು, ಮನೆದೇವರು ಮಾಳಿಂಗರಾಯನ ಹೆಸರು ಹೇಳಿ ಎರಡು ಮುಷ್ಟಿ ಭಂಡಾರ ತೂರಿದ್ದಾಳೆ. ಹ್ಯಾಂಡಲ್, ಸೀಟು, ಬುಟ್ಟಿ ಎಲ್ಲ ಅರಿಶಿನ. ಅಷ್ಟಕ್ಕೆ ಬಿಟ್ಟಿದ್ದರೆ ಸರಿ. ಬ್ಯಾಟರಿಯ ಬದಿಯಲ್ಲಿ ಚಾರ್ಜಿನ ತೂತು ಇದೆಯಲ್ಲ, ಅದರ ಮುಚ್ಚಳ ತೆರೆದಿತ್ತು. ಅದು ಬಾಯಿ ಎಂದು ತಿಳಿದು ಅಲ್ಲಿಗೂ ಬೆರಳಿನಿಂದ ಒತ್ತಿ ಒತ್ತಿ ತುಂಬಿದ್ದಾಳೆ.

"ಹೊಸದಾಗಿ ಬಂದ ಟಗರಿಗೆ ಬಾಯಾಗ ಭಂಡಾರ ಹಾಕಂಗಿಲ್ಲೇನು?" ಎಂದು ನನ್ನನ್ನೇ ಕೇಳಿದಳು.

ಹಾಕುತ್ತೇವೆ. ನಾನೇ ಹಾಕಿದ್ದೇನೆ. ಚಾರ್ಜು ಹಾಕಿದರೆ ದೀಪ ಹತ್ತುತ್ತಿಲ್ಲ. ಕಂಡವರ ಸೈಕಲ್ಲು. ಸೊಹೇಲನಿಗೆ ಏನು ಮುಖ ತೋರಿಸಲಿ.

ಮೇ 23, ಶುಕ್ರವಾರ

ಸೊಹೇಲನಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ನಗುತ್ತಿದ್ದನೆಂದು ಆಮೇಲೆ ತಿಳಿಯಿತು. "ಸರ್, ಬ್ಯಾಟರಿ ತಗದ ಒಣಗಸ್ರಿ, ತೂತ ಸ್ವಚ್ಛ ಮಾಡ್ರಿ. ನೀರ ಮಾತ್ರ ಹಾಕಬ್ಯಾಡ್ರಿ," ಎಂದ.

ಬೆಳಿಗ್ಗೆ ರಜೆ ಹಾಕಿ ಅಂಗಳದಲ್ಲಿ ಆಪರೇಶನ್. ಕುರಿಯ ಕಿವಿ ತೊಳೆಯುವ ದೊಡ್ಡ ಸಿರಿಂಜಿನಿಂದ ಗಾಳಿ ಊದಿದೆ. ಸೂಜಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದೇ ತಂತಿಯ ಕಡ್ಡಿ ಒರೆಸಿದೆ. ಅವ್ವ ಎದುರು ಕುಳಿತು, "ದೇವರ ಭಂಡಾರ ತಗೀತೀಯಲ್ಲೋ," ಎಂದು ಒಂದು ಕಡೆ, "ಸಾವಕಾಶ, ನೋವ ಆದೀತು," ಎಂದು ಇನ್ನೊಂದು ಕಡೆ. ಬ್ಯಾಟರಿಯನ್ನು ಮಧ್ಯಾಹ್ನದವರೆಗೆ ನೆರಳಿನಲ್ಲಿ ಆರಿಸಿ ಚಾರ್ಜಿಗೆ ಹಾಕಿದೆ. ಕೆಂಪು ದೀಪ ಹತ್ತಿತು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಕರು ಎಳೆದಿದ್ದೇನೆ, ಇಷ್ಟು ಖುಷಿ ಆದದ್ದು ಕಡಿಮೆ.

ಸಂಜೆ ದೀಪ ಹಸಿರಾಯಿತು. ಗಾಲಿ ತಿರುಗುತ್ತದೆಯೇ ಎಂದು ನೋಡಬೇಕಲ್ಲ. ಆರತಿ ಇರಲಿಲ್ಲ. ಆದ್ದರಿಂದ ನಾನೇ ಕುಳಿತೆ. ಇದನ್ನು ಸವಾರಿ ಎಂದು ಬರೆಯುವಂತಿಲ್ಲ. ಚಿಕಿತ್ಸೆ ಆದ ಮೇಲೆ ಪ್ರಾಣಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ, ಅಷ್ಟೇ. ಬೇವಿನ ಗಿಡದಿಂದ ಬಾಗಿಲವರೆಗೆ, ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು. ಅಂಗೈ ಬೆವತಿತು. ಬಾಗಿಲಿಗೆ ಮುಟ್ಟಿ ಇಳಿದೆ.

"ಮತ್ತೊಂದ ಸಲ," ಎಂದಳು ಅವ್ವ. ಅವಳಿಗೆ ಬೇಸರ ಕಳೆಯಬೇಕಲ್ಲ, ಮತ್ತೊಂದು ಸಲ ಹೋದೆ.

ಮೇ 26, ಸೋಮವಾರ

ಭಂಡಾರದ ಪುಡಿ ಒಳಗೆ ಉಳಿದಿದ್ದರೆ ದಿನಾಲೂ ಸ್ವಲ್ಪ ಓಡಿಸಿದರೆ ಉದುರುತ್ತದೆ ಎಂದು ನನ್ನ ಅಂದಾಜು. ಅದಕ್ಕಾಗಿ ಚಹಾದಂಗಡಿಯವರೆಗೆ ಹೋಗಿ ಬಂದೆ. ಒಂದೂಕಾಲು ಕಿಲೋಮೀಟರ್. ಬ್ರೇಕು ಮೃದು.

ಮೇ 29, ಗುರುವಾರ

ಪುಡಿ ಇನ್ನೂ ಇರಬಹುದು. ಬೆಳಿಗ್ಗೆ ಆರಕ್ಕೆ ಒಣದ್ರಾಕ್ಷಿ ಶೆಡ್ಡುಗಳ ದಾರಿಯಲ್ಲಿ ಹೋದೆ. ರಾತ್ರಿ ಹನಿ ಬಿದ್ದಿತ್ತು, ಮಣ್ಣಿನ ವಾಸನೆ. ಮೋಟಾರ್ ಸೈಕಲ್ಲಿನಲ್ಲಿ ಈ ದಾರಿಯಲ್ಲಿ ಸಾವಿರ ಸಲ ಹೋಗಿದ್ದೇನೆ, ಇಲ್ಲಿ ಇಷ್ಟು ನವಿಲುಗಳಿವೆ ಎಂದು ಕೇಳಿಸಿಯೇ ಇರಲಿಲ್ಲ. ಏರಿನಲ್ಲಿ ತುಳಿದರೆ ಹಿಂದಿನಿಂದ ಯಾರೋ ಕೈ ಇಟ್ಟು ನೂಕಿದ ಹಾಗೆ ಆಗುತ್ತದೆ. ಗುಣಕ್ಕೆ ಒಂಬತ್ತು ಕೊಟ್ಟೆ. ಒಟ್ಟು ನಲವತ್ತೊಂದು.

ದೊಡ್ಡ ರಸ್ತೆಗೆ ಇನ್ನೂ ಇಳಿದಿಲ್ಲ. ಇಳಿಯುವ ಅಗತ್ಯ ಬಿದ್ದಿಲ್ಲ.

ಜೂನ್ 1, ಭಾನುವಾರ

ಆರತಿ ಕೆಂಚನ ಮೇಲೆ ಹೋಗುತ್ತೇನೆಂದಳು. ಹಿಂದಿನ ಗಾಲಿಯ ಗಾಳಿ ನೋಡಬೇಕು, ಇವತ್ತು ಬೇಡ ಎಂದೆ. ಗಾಳಿ ಸರಿಯಾಗಿಯೇ ಇತ್ತು. ನಾನೇ ಹೋಗಿ ಬಂದೆ. ಎಂಟು ಕಿಲೋಮೀಟರ್.

ಅವ್ವನಿಗೆ ಕೇಳಿದೆ, ಕ್ಯಾರಿಯರ್ ಸ್ವಲ್ಪ ಅಗಲ ಕಡಿಮೆ, ಸೀಟು ಸ್ವಲ್ಪ ಗಟ್ಟಿ, ಏನು ಮಾಡಲಿ ಎಂದು. "ಕುಣ್ಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ," ಎಂದಳು. ಅವಳಿಗೆ ಪರೀಕ್ಷೆ ಎಂದರೇನೆಂದು ತಿಳಿಯುವುದಿಲ್ಲ.

ಜೂನ್ 4, ಬುಧವಾರ

ಕಚೇರಿಯಿಂದ ಫೋನು. ಅರ್ಜಿ ಹತ್ತನೇ ತಾರೀಖು ಸಂಜೆ ಐದರೊಳಗೆ ಕೈಯಲ್ಲೇ ತಂದು ಕೊಡಬೇಕಂತೆ. ಕೊಡುತ್ತೇನೆ. ಹಳ್ಳದ ದಾರಿಯಲ್ಲಿ ಹೋಗಲು ನನ್ನಿಂದ ಆಗುವುದಿಲ್ಲ. ಇವತ್ತು ಕೆಂಚನ ಮೇಲೆ ಊರ ಹೊರಗಿನ ಪೆಟ್ರೋಲ್ ಬಂಕಿನವರೆಗೆ ಹೋದೆ, ಅಲ್ಲಿಂದ ಕಳ್ಳಕವಟಗಿಯ ರಸ್ತೆ ಕಾಣಿಸಿತು, ತಿರುಗಿಸಿಕೊಂಡು ಬಂದೆ. ಅಂಜಿಕೆ. ಇಲ್ಲಿ ಬರೆದರೆ ಯಾರು ಓದುತ್ತಾರೆ. ಆ ದಿನ ಬಿದ್ದಾಗ ಭುಜದ ನೋವಿಗಿಂತ, ರಸ್ತೆಯ ಮೇಲೆ ಒಬ್ಬನೇ ಮಲಗಿ ಎಂಜಿನ್ನಿನ ಸದ್ದು ಕೇಳುತ್ತಿದ್ದೆನಲ್ಲ, ಆ ಸದ್ದು ಹೋಗಿಲ್ಲ.

ಜೂನ್ 7, ಶನಿವಾರ

ಬಕ್ರೀದು. ಸೊಹೇಲ ಫೋನು ಮಾಡಿ, ಹೋತ ಕೊನೆಯವರೆಗೂ ಒಂದು ದಿನವೂ ಮೇವು ಬಿಡಲಿಲ್ಲ ಎಂದ. ಶುಭಾಶಯ ಹೇಳಿದೆ. ಕೆಂಚನನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಿದ. ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದೆ. "ಕುಳ್ಳ, ಕರಿಯ ಒಂದೊಂದ ವಾರಕ್ಕ ಬಂದ್ವಲ್ರಿ," ಎಂದ. ಕೆಂಚನಿಗೆ ಮಧ್ಯದಲ್ಲಿ ಆರೋಗ್ಯ ಸರಿ ಇರಲಿಲ್ಲವಲ್ಲ, ಆ ದಿನಗಳನ್ನು ಬಿಟ್ಟು ಎಣಿಸಬೇಕು ಎಂದೆ.

ಜೂನ್ 10, ಮಂಗಳವಾರ

ಕೈ ನೋಯುತ್ತಿದೆ, ಆದರೂ ಎಲ್ಲ ಬರೆಯುತ್ತೇನೆ.

ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹತ್ತರ ವಿಜಯಪುರ ಬಸ್ಸಿಗೆ ಸಿದ್ಧನಾಗಿದ್ದೆ. ಡೈರಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡಿದ್ದೆ, ಅರ್ಜಿಯನ್ನು ಬಸ್ಸಿನಲ್ಲಿ ಭರ್ತಿ ಮಾಡಿದರಾಯಿತೆಂದು. ಎಂಟೂಮುಕ್ಕಾಲಕ್ಕೆ ಕರೆಪ್ಪನ ಫೋನು.

"ಸಾಹೇಬ್ರ, ಎರಡ ಮರಿ ಹೋದ್ವು. ನಿನ್ನಿ ಸಂಜೀಕ ಜಿಗದಾಡಾಕತ್ತಿದ್ವು. ಮುಂಜಾನೆದ್ದ ನೋಡಿದ್ರ ತಲಿ ಹಿಂದಕ್ಕ ಸೆಟಗೊಂಡ ಬಿದ್ದಾವ. ಇನ್ನೂ ಎಂಬತ್ತಾರ ಅದಾವ್ರಿ."

ಕರುಳುಬೇನೆ. ಮಳೆಯ ಎಳೆಹುಲ್ಲು ಹೊಟ್ಟೆ ತುಂಬ ತಿಂದದ್ದು. ಮೇ ತಿಂಗಳಲ್ಲೇ ಆಗಬೇಕಾಗಿದ್ದ ಲಸಿಕೆ, ನಾನು ಹೋಗದೆ ಉಳಿದದ್ದು. ಆ ಎರಡು ಮರಿ ನನ್ನ ಲೆಕ್ಕಕ್ಕೆ. ಕಳ್ಳಕವಟಗಿಯ ಬಸ್ಸು ಹನ್ನೊಂದಕ್ಕೆ. ಆಸ್ಪತ್ರೆಯ ಫ್ರಿಜ್ಜಿನಿಂದ ಲಸಿಕೆ ತೆಗೆದು ಐಸ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕೆಂಚನ ಕ್ಯಾರಿಯರಿಗೆ ಹಳೆಯ ಟ್ಯೂಬಿನಿಂದ ಬಿಗಿದೆ. ಅವ್ವ ಭಂಡಾರದ ಚೀಲ ಹಿಡಿದು ಬರುವುದನ್ನು ನೋಡಿ ಆರತಿ ಓಡಿ ಬಂದು ಚಾರ್ಜಿನ ತೂತಿಗೆ ಪ್ಲಾಸ್ಟಿಕ್ ಕಟ್ಟಿದಳು. ಅವ್ವ ಭಂಡಾರವನ್ನು ನನ್ನ ಹಣೆಗೆ ಹಚ್ಚಿದಳು. ಇಸ್ತ್ರಿ ಅಂಗಿಯ ಮೇಲೆ ಅರ್ಧ ಬಿತ್ತು.

ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಲೆಕ್ಕ. ಐಸು ಎಷ್ಟು ಹೊತ್ತು ನಿಲ್ಲುತ್ತದೆ, ಎಂಬತ್ತಾರಕ್ಕೆ ಎಷ್ಟು ಸೂಜಿ, ಹೊಟ್ಟೆ ಉಬ್ಬಿದವನ್ನು ಹೇಗೆ ಬೇರೆ ಮಾಡುವುದು. ಎದುರುಗಾಳಿ ಇತ್ತು, ನಾಲ್ಕನೇ ಗೇರಿಗೆ ಹಾಕಿ ತುಳಿದೆ.

ಕರೆಪ್ಪ ಕುರಿಗಳನ್ನು ಬಾರಿಗಿಡದ ಬಳಿ ನಿಲ್ಲಿಸಿದ್ದ. ಇಲ್ಲೊಂದು ಸಂಗತಿ ನಡೆಯಿತು. ನನ್ನ ಮೋಟಾರ್ ಸೈಕಲ್ ಸದ್ದಿಗೆ ಅವನ ಕುರಿಗಳು ಯಾವಾಗಲೂ ಚೆಲ್ಲಾಪಿಲ್ಲಿ ಆಗುತ್ತಿದ್ದವು, ಕೂಡಿಸಲು ಅರ್ಧ ತಾಸು ಬೇಕಾಗುತ್ತಿತ್ತು. ಇವತ್ತು ಕೆಂಚ ಹಿಂಡಿನ ನಡುವೆ ಹೋಗಿ ನಿಂತರೂ ಒಂದು ಕುರಿಯೂ ಬೆದರಿ ತಲೆ ಎತ್ತಲಿಲ್ಲ. ಒಂದು ಕುರಿಯಂತೂ ಅವನ ಬುಟ್ಟಿ ಮೂಸಿತು.

"ಸಾಹೇಬ್ರ, ಇದು ಸದ್ದ ಮಾಡಂಗಿಲ್ಲಲ್ಲ," ಎಂದ ಕರೆಪ್ಪ. "ನಮ್ಮ ಪೈಕೀನ ಐತಿ."

ಹುಲ್ಲಿಗೆ ಬಿಡಬೇಡ, ಒಣಮೇವು ಹಾಕು ಎಂದು ಅವನಿಗೆ ಹೇಳಿ ಸೂಜಿ ಹಿಡಿದೆ. ಎಂಬತ್ತಾರು ಕುರಿ, ಮೂರು ತಾಸು. ಅವನು ಹಿಡಿಯುವುದು, ನಾನು ಹಾಕುವುದು, ಅವನ ಹೆಂಡತಿ ಹಾಕಿದ್ದರ ನೆತ್ತಿಗೆ ಕೆಮ್ಮಣ್ಣು ಹಚ್ಚುವುದು. ಕೊನೆಯದಕ್ಕೆ ಹಾಕಿ ಎದ್ದಾಗ ಬೆನ್ನು ಬಿದ್ದುಹೋಗಿತ್ತು. ಮಜ್ಜಿಗೆ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಿಂಡಿ ತಿಂದೆ. ಫೆಬ್ರುವರಿಯ ಮೇಲೆ ಇಷ್ಟು ಹಸಿವೆಯಿಂದ ತಿಂದ ನೆನಪಿಲ್ಲ. ನಾಲ್ಕರವರೆಗೆ ಕುಳಿತು ನೋಡಿದೆ, ಮತ್ತೊಂದು ಕುರಿ ಬೀಳಲಿಲ್ಲ. ಈಗ ತಾನೇ ಕರೆಪ್ಪನ ಫೋನು ಬಂದಿತ್ತು, ಎಲ್ಲ ಮೆಲುಕು ಹಾಕುತ್ತಿವೆಯಂತೆ.

ಹೋಗಿ ಬಂದು ಇಪ್ಪತ್ತೊಂಬತ್ತು ಕಿಲೋಮೀಟರ್. ಮನೆಗೆ ಬಂದಾಗ ಬ್ಯಾಟರಿಯಲ್ಲಿ ಇನ್ನೂ ಒಂದು ಗೆರೆ ಉಳಿದಿತ್ತು.

ಆರತಿ ಅಂಗಳದಲ್ಲೇ ನಿಂತಿದ್ದಳು. ಗಂಟೆ ಐದಾಗಿತ್ತು. "ಅರ್ಜಿ?" ಎಂದಳು.

ಆಗ ನೆನಪಾಯಿತು. ಡೈರಿಯ ಜೇಬಿನಿಂದ ತೆಗೆದೆ. ಮುಂದಿನ ಬದಿಯಲ್ಲಿ ನನ್ನ ಹೆಸರೂ ಇಲ್ಲ, ಖಾಲಿ. ಹಿಂದಿನ ಬದಿಯಲ್ಲಿ ಮೂರು ಸಾಲಿನ ಮನೆ. ಕುಳ್ಳ, ಕರಿಯ, ಕೆಂಚ. ನಡೆ, ಹೊಟ್ಟೆ, ಕಾಲು, ಬೆನ್ನು, ಗುಣ. ಮೂಲೆಯಲ್ಲಿ ಭಂಡಾರದ ಹೆಬ್ಬೆಟ್ಟು.

"ಇದನ್ನ ಕೊಡವ್ರೇನ ನೀವು ದೊಡ್ಡ ಸಾಹೇಬ್ರಿಗೆ?" ಎಂದು ಆರತಿ ನಗಲು ಶುರು ಮಾಡಿದವಳು ಕಟ್ಟೆಯ ಮೇಲೆ ಕುಳಿತು ನಕ್ಕಳು. ಅವ್ವನೂ ಕಾರಣ ಕೇಳದೆ ನಕ್ಕಳು. ನಾನು ಪೆನ್ನು ತೆಗೆದು, ಕೆಂಚನ ಗುಣಕ್ಕೆ ಹತ್ತು ಮಾಡಿದೆ, ಬೆನ್ನಿಗೂ ಒಂದು ಸೇರಿಸಿದೆ. ನಲವತ್ಮೂರು. ಕುರಿ ಬೆದರದಿದ್ದದ್ದಕ್ಕೆ ಇನ್ನೂ ಕೊಡಬಹುದಿತ್ತು, ಆದರೆ ಸೀಟು ನಿಜವಾಗಿಯೂ ಗಟ್ಟಿ. ನಾಳೆ ಸೊಹೇಲನಿಗೆ ಫೋನು ಮಾಡಿ ಕೆಂಚ ವಾಪಸ್ಸು ಬರುವುದಿಲ್ಲ ಎಂದು ಹೇಳಬೇಕು. ಹೊನವಾಡದ ಹಿಂಡು ಗುರುವಾರ.

ಕೈಕಾಲು ತೊಳೆದು ಒಳಗೆ ಬಂದೆ. ಆರತಿ ಚಹಾ ಕೊಡುತ್ತ ಮೆಲ್ಲಗೆ ಕೇಳಿದಳು: "ತಿರುವಿನ್ಯಾಗ ಹೆಂಗಾತ್ರಿ?"

"ಯಾವ ತಿರುವು?" ಎಂದೆ.

ಅವಳು ಒಲೆಯ ಕಡೆ ತಿರುಗಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಇರಲಿಲ್ಲ, ನಮ್ಮದು ಗ್ಯಾಸಿನ ಒಲೆ.

ಆಗಿನಿಂದ ಕುಳಿತು ದಾರಿಯನ್ನು ನೆನಪಿಸಿಕೊಳ್ಳುತ್ತಿದ್ದೇನೆ. ಪೆಟ್ರೋಲ್ ಬಂಕು ನೆನಪಿದೆ. ಎದುರುಗಾಳಿ ನೆನಪಿದೆ. ದ್ರಾಕ್ಷಿ ತುಂಬುವ ಖಾಲಿ ಕ್ರೇಟುಗಳ ಟ್ರ್ಯಾಕ್ಟರನ್ನು ದಾಟಿದ್ದು ನೆನಪಿದೆ. ಆಮೇಲೆ ಬಾರಿಗಿಡ, ಕರೆಪ್ಪ, ಕುರಿಗಳು. ನಡುವೆ ಹಳ್ಳ ಇರಲೇಬೇಕು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಮುಂದಿನ ಸಲ ಹೋಗುವಾಗ ನೋಡಬೇಕು.